ಲೂನಾ ಒಂಬತ್ತು ಎಂದವಳು

ಮದುವೆಯಾಗಿ ತರೀಕೆರೆಗೆ ಬಂದ ಮೂವತ್ತನಾಲ್ಕು ವರ್ಷಗಳಲ್ಲಿ ಸುಮನಾ ಆ ಕಥೆಯನ್ನು ಎಷ್ಟು ಸಲ ಕೇಳಿದ್ದಳೋ ಅವಳಿಗೇ ಗೊತ್ತಿಲ್ಲ. ಸೀಮಂತವಿರಲಿ, ನಾಮಕರಣವಿರಲಿ, ಗೃಹಪ್ರವೇಶವಿರಲಿ, ನಾಲ್ಕು ಜನ ಸೇರಿದರೆ ಸಾಕು, ಅವಳ ಮಾವ ರುದ್ರಮೂರ್ತಿ ಮೇಷ್ಟ್ರು ಎಲೆಯಡಿಕೆಯನ್ನು ದವಡೆಯ ಒಂದು ಪಕ್ಕಕ್ಕೆ ಒತ್ತಿಕೊಂಡು ಶುರು ಮಾಡುತ್ತಿದ್ದರು.

"ನಮ್ಮ ಸೊಸೆ ನಂಗೆ ಹೆಂಗೆ ಸಿಕ್ಕಿದ್ಲು ಗೊತ್ತೇನ್ರೀ? ಚಂದ್ರಲೋಕಕ್ಕೆ ಲೂನಾ ಗಾಡಿ ಓಡಿಸ್ಕೊಂಡು ಹೋದ್ಲು ಕಣ್ರೀ. ಹೋಗಿ ನೇರವಾಗಿ ನಮ್ಮನೆ ಮುಂದೆ ಇಳಿದ್ಲು."

ಜನ ನಗುತ್ತಿದ್ದರು. ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತ ಸುಮನಾಳೂ ನಗುತ್ತಿದ್ದಳು. ನಗದೆ ಹೋದರೆ ಮುಖ ಹುಳ್ಳಗೆ ಮಾಡಿಕೊಂಡಳು ಅನ್ನುತ್ತಾರೆ ಎಂಬುದು ಅವಳಿಗೆ ಮದುವೆಯಾದ ಮೊದಲ ವರ್ಷವೇ ತಿಳಿದಿತ್ತು.

ನಿಜವಾಗಿ ನಡೆದದ್ದು ಬೇರೆ.

ಸುಮನಾ ಅಜ್ಜಂಪುರದವಳು. ಅಪ್ಪ ಪಂಚಾಕ್ಷರಪ್ಪನವರದು ಈರುಳ್ಳಿ, ಶೇಂಗಾ ಮಂಡಿ. ಸೋದರಮಾವ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದ. ಅವನಿಗೆ ರಷ್ಯಾದವರು ಕನ್ನಡದಲ್ಲಿ ಅಚ್ಚು ಹಾಕಿ ಕಳಿಸುತ್ತಿದ್ದ ಒಂದು ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ದಪ್ಪ, ನುಣುಪು ಹಾಳೆ, ಕಣ್ಣು ಕುಕ್ಕುವ ಬಣ್ಣ. ಊರಿನ ಮಕ್ಕಳಿಗೆಲ್ಲ ಅದು ಪುಸ್ತಕಕ್ಕೆ ರಟ್ಟು ಹಾಕಿಕೊಳ್ಳುವ ಕಾಗದ. ಸುಮನಾಳೂ ಅದನ್ನೇ ಹಾಕಿಕೊಳ್ಳುತ್ತಿದ್ದಳು. ಆದರೆ ಒಂದಕ್ಷರ ಬಿಡದೆ ಓದಿದ ಮೇಲೆ. ಗಣಿತದ ಪುಸ್ತಕದ ಮೇಲೆ ಗಗಾರಿನ್ ನಗುತ್ತಿದ್ದ. ಸಮಾಜದ ಪುಸ್ತಕದ ಮೇಲೆ ಬಾಹ್ಯಾಕಾಶಕ್ಕೆ ಹೋದ ಮೊದಲ ಹೆಂಗಸು ವ್ಯಾಲೆಂಟಿನಾ. ಲೈಕಾ ಎಂಬ ನಾಯಿಯ ಪಟವಿದ್ದ ಹಾಳೆಯನ್ನು ಮಾತ್ರ ಅವಳಿಗೆ ಯಾವ ಪುಸ್ತಕಕ್ಕೂ ಹಾಕಲಾಗಲಿಲ್ಲ. ಕಿವಿ ನೆಟ್ಟಗೆ ಮಾಡಿಕೊಂಡು ಕೂತ ಆ ನಾಯಿ ಹೋದದ್ದೇ ಹೊರತು ತಿರುಗಿ ಬರಲಿಲ್ಲ ಎಂದು ಓದಿ ಒಂದು ಹೊತ್ತು ಊಟ ಬಿಟ್ಟಿದ್ದಳು. ಬೇರೆ ಹುಡುಗಿಯರಿಗೆ ಸಿನಿಮಾ ಹಾಡು ಬಾಯಿಗೆ ಬರುವ ಹಾಗೆ ಅವಳಿಗೆ ಆ ಇಸವಿಗಳು ಬರುತ್ತಿದ್ದವು. ಐವತ್ತೇಳು ಸ್ಪುಟ್ನಿಕ್. ಐವತ್ತೊಂಬತ್ತರಲ್ಲಿ ಚಂದ್ರನಿಗೆ ಹೋಗಿ ಬಡಿದ ಲೂನಾ ಎರಡು, ಅದೇ ವರ್ಷ ಚಂದ್ರನ ಬೆನ್ನಿನ ಪಟ ತೆಗೆದ ಲೂನಾ ಮೂರು. ಅರವತ್ತೊಂದು ಗಗಾರಿನ್. ಅರವತ್ತೈದರಲ್ಲಿ ನೌಕೆಯ ಬಾಗಿಲು ದಾಟಿ ಶೂನ್ಯದಲ್ಲಿ ತೇಲಿದ ಲಿಯೊನೊವ್.

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ, ಅಂದರೆ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋಗಿಬಂದ ವರ್ಷ, ಕಡೂರಿನಲ್ಲಿ ಒಂದು ವಿದ್ಯಾಸಂಸ್ಥೆಯವರು ಅದೇ ಹುರುಪಿನಲ್ಲಿ ಬಾಹ್ಯಾಕಾಶ ಕ್ವಿಜ್ ಏರ್ಪಡಿಸಿದರು. ಗೆದ್ದವರಿಗೆ ಆ ಸಂಸ್ಥೆಯದೇ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೀಟು, ಜೊತೆಗೆ ಹಾಸ್ಟೆಲ್. ಅಜ್ಜಂಪುರದಲ್ಲಿ ಆಗ ಸೈನ್ಸ್ ಇರಲಿಲ್ಲ. ಹುಡುಗಿಯನ್ನು ಪರವೂರಿನಲ್ಲಿ ಬಿಟ್ಟು ಓದಿಸುವುದು ಪಂಚಾಕ್ಷರಪ್ಪನವರಿಗೆ ಬೇಡವಾಗಿತ್ತು. ಆದರೂ ಮಗಳ ಮುಖ ನೋಡಿ ಒಂದು ಮಾತು ಕೊಟ್ಟರು.

"ಅವರಾಗಿ ಕರೆದ್ರೆ ಕಳಿಸ್ತೀನಿ. ನಾನಾಗಿ ಕರ್ಕೊಂಡು ಹೋಗಿ ಬಿಡಾಕಿಲ್ಲ. ಗೆದ್ಕೊಂಡು ಬಾ, ಆಮೇಲೆ ನನ್ನ ಮಾತು ಮಾತೇ."

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಸೋದರಮಾವನ ಜೊತೆ ಬೀರೂರಿನ ಮೇಲೆ ಕಡೂರಿಗೆ ಹೋದಳು. ಎಂಟು ಶಾಲೆಯವರು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಉಳಿದರು. ಒಬ್ಬಳು ಸುಮನಾ, ಇನ್ನೊಬ್ಬ ಆ ಸಂಸ್ಥೆಯ ಕಾರ್ಯದರ್ಶಿಯ ಮಗ. ಪ್ರಶ್ನೆ ಕೇಳುತ್ತಿದ್ದವರು, ತೀರ್ಪು ಕೊಡುತ್ತಿದ್ದವರು ಒಬ್ಬರೇ: ತರೀಕೆರೆಯಿಂದ ಬಂದಿದ್ದ ವಿಜ್ಞಾನದ ಮೇಷ್ಟ್ರು, ರುದ್ರಮೂರ್ತಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು, ಕಂಚಿನ ಗಂಟೆಯಂಥ ಧ್ವನಿ.

ಇಬ್ಬರ ಅಂಕವೂ ಸಮ ಇದ್ದಾಗ ಕಡೆಯ ಪ್ರಶ್ನೆ ಬಂತು. ಚಂದ್ರನ ಮೇಲೆ ಮೊಟ್ಟಮೊದಲು ಮೃದುವಾಗಿ ಇಳಿದ ನೌಕೆ ಯಾವುದು?

ಕಾರ್ಯದರ್ಶಿಯ ಮಗ "ಅಪೋಲೋ ಹನ್ನೊಂದು" ಅಂದ.

"ಅಲ್ಲ ಸಾರ್," ಅಂದಳು ಸುಮನಾ. "ಲೂನಾ ಒಂಬತ್ತು. ಅರವತ್ತಾರನೇ ಇಸವಿ ಫೆಬ್ರವರಿ ಮೂರು."

ರುದ್ರಮೂರ್ತಿ ಕೈಯಲ್ಲಿದ್ದ ಚೀಟಿ ನೋಡಿದರು. ಅದರಲ್ಲಿ ಅಪೋಲೋ ಎಂದಿತ್ತು. ತಲೆಯೆತ್ತಿ ಸಭೆಯ ಕಡೆ ತಿರುಗಿ, "ಲೂನಾ ಅಂದ್ರೆ ಗಾಡಿ ಕಣಮ್ಮ. ಪೆಟ್ರೋಲ್ ಎಷ್ಟು ಹಾಕಿಸಿದ್ರು ಚಂದ್ರನ ತನಕ?" ಎಂದರು. ಆಗ ಕಡೂರಿನ ರಸ್ತೆಯಲ್ಲೆಲ್ಲ ಲೂನಾ ಮೊಪೆಡ್ ಓಡಾಡುತ್ತಿದ್ದ ಕಾಲ. ಹಾಲ್ ಪೂರ್ತಿ ನಕ್ಕಿತು. ಸುಮನಾ ಕೂರಲಿಲ್ಲ. "ಅಪೋಲೋದಲ್ಲಿ ಮನುಷ್ಯರು ಇಳಿದಿದ್ದು ಸಾರ್, ಅರವತ್ತೊಂಬತ್ತರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆನೇ ಲೂನಾ ಇಳಿದು ಪಟ ಕಳಿಸಿತ್ತು. ನನ್ನ ಹತ್ರ ಹಾಳೆ ಇದೆ, ಮನೇಲಿದೆ, ತಂದು ತೋರಿಸ್ತೀನಿ" ಎಂದಳು. ಮೇಷ್ಟ್ರು ಕನ್ನಡಕ ತೆಗೆದರು. "ದೊಡ್ಡೋರ ಎದುರು ವಾದ ಮಾಡೋದನ್ನ ಮನೇಲಿ ಕಲಿಸಿದಾರೋ, ಶಾಲೇಲೋ?" ಎಂದರು. ಆಮೇಲೆ ಯಾರೂ ನಗಲಿಲ್ಲ.

ಸೀಟು ಕಾರ್ಯದರ್ಶಿಯ ಮಗನಿಗೆ ಹೋಯಿತು. ಪಂಚಾಕ್ಷರಪ್ಪನವರು ಮಗಳನ್ನು ಬೈಯಲಿಲ್ಲ. "ಆಯ್ತು ಬಿಡು, ಹಣೇಲಿ ಇರಲಿಲ್ಲ" ಎಂದು ಮಂಡಿಗೆ ಹೋದರು. ಅವಳು ಆರ್ಟ್ಸ್ ತೆಗೆದುಕೊಂಡಳು. ಬಸ್ಸಿನಲ್ಲಿ ಓಡಾಡಿ ಬಿಎ ಎರಡನೇ ವರ್ಷದ ತನಕ ಓದಿದಳು. ಅಷ್ಟರಲ್ಲಿ ತರೀಕೆರೆಯಿಂದ ಸಂಬಂಧ ಬಂತು. ಹುಡುಗ ಮೃತ್ಯುಂಜಯ, ಗೊಬ್ಬರ ಬೀಜದ ಅಂಗಡಿ ಇಟ್ಟವನು. ಹುಡುಗನ ಅಪ್ಪ, ಆ ಹೊತ್ತಿಗೆ ಕಡೂರಿನ ಆ ಸಂಸ್ಥೆಯಲ್ಲೇ ಹೆಡ್‌ಮಾಸ್ಟರಾಗಿದ್ದ ರುದ್ರಮೂರ್ತಿ.

ಹೆಣ್ಣು ನೋಡಲು ಬಂದ ದಿನ ಮೇಷ್ಟ್ರು ನಗುನಗುತ್ತ, "ನಂಗೆ ಈ ಹುಡುಗಿನೇ ಬೇಕು. ಎದೆಗಾರಿಕೆ ಇರೋ ಹುಡುಗಿ" ಎಂದರು. ಅಜ್ಜಂಪುರದ ಮನೆಯವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಮನಾಳಿಗೂ, ಸುಳ್ಳೇಕೆ, ಒಳಗೊಳಗೇ ಒಂದು ಹೆಮ್ಮೆಯಾಯಿತು. ಅವತ್ತು ಬೈದವರು ಮರೆತಿಲ್ಲ, ಮೆಚ್ಚಿದ್ದಾರೆ ಎಂದುಕೊಂಡಳು.

ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಹೋದಾಗ ಟ್ರಂಕಿನ ತಳದಿಂದ ಆ ಹಾಳೆಯನ್ನು ಹುಡುಕಿ ತಂದಳು. ಮಾವ ಒಬ್ಬರೇ ಜಗಲಿಯಲ್ಲಿ ಕೂತಿದ್ದಾಗ ತೋರಿಸಿದಳು. ವಾದಕ್ಕಲ್ಲ, ಹೊಸ ಸೊಸೆಯ ಸಲಿಗೆಯಿಂದ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಿಧಾನವಾಗಿ ಮಡಚಿದರು.

"ರಷ್ಯಾದೋರು ಬರ್ಕೊಂಡಿದ್ದು ಕಣಮ್ಮ ಇದು. ಅವರ ತುತ್ತೂರಿ ಅವರೇ ಊದ್ಕೋತಾರೆ. ಇದನ್ನೆಲ್ಲ ನಂಬಬಾರದು" ಎಂದು ಹಾಳೆಯನ್ನು ಅವಳ ಕೈಗೆ ವಾಪಸು ಕೊಟ್ಟರು.

ಎಷ್ಟೇ ಆಗಲಿ ಅವರು ಮೂವತ್ತು ವರ್ಷ ವಿಜ್ಞಾನ ಹೇಳಿದವರು. ಇವಳು ಬಿಎ ಅರ್ಧಕ್ಕೆ ಬಿಟ್ಟವಳು. ಹನಿ ಬಿದ್ದೂ ಬಿದ್ದೂ ಚಪ್ಪಡಿ ಕುಳಿಬೀಳುವಂತೆ, ಮನೆಯ ಪ್ರತಿ ಸಮಾರಂಭದಲ್ಲಿ ಆ ಕಥೆ ಕೇಳಿ ಕೇಳಿ ಸುಮನಾಳಿಗೇ ಅನುಮಾನ ಬಂತು. ನಾನೇ ತಪ್ಪು ಓದಿದ್ದೆನೋ ಏನೋ. ಮಗಳು ಭವ್ಯ ಏಳನೇ ಕ್ಲಾಸಿನಲ್ಲಿದ್ದಾಗ ಹೋಂವರ್ಕ್ ಪುಸ್ತಕ ಹಿಡಿದು ಒಲೆಯ ಹತ್ತಿರ ಬಂದಳು. "ಅಮ್ಮ, ಚಂದ್ರನ ಮೇಲೆ ಮೊದಲು ಇಳಿದ ನೌಕೆ ಯಾವುದು?" ಸುಮನಾ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. "ಅಪೋಲೋ ಹನ್ನೊಂದು ಅಂತ ಬರಿ. ಯಾವುದಕ್ಕೂ ತಾತನ್ನ ಒಂದ್ಮಾತು ಕೇಳು" ಎಂದಳು. ತಾತ ಸರಿ ಎಂದರು.

ಎರಡು ಸಾವಿರದ ಇಪ್ಪತ್ತಮೂರರ ಆಗಸ್ಟ್ ಇಪ್ಪತ್ತಮೂರು. ಸಂಜೆ ಚಂದ್ರಯಾನ ಇಳಿಯುವುದನ್ನು ನೋಡಲು ಮನೆಯವರೆಲ್ಲ ಟೀವಿಯ ಮುಂದೆ ಸೇರಿದ್ದರು. ಮೃತ್ಯುಂಜಯ ಅಂಗಡಿ ಬೇಗ ಮುಚ್ಚಿ ಬಂದಿದ್ದ. ಕಡೂರಿನ ಕಾಲೇಜಿನಲ್ಲಿ ಪಾಠ ಹೇಳುವ ಭವ್ಯ ಗಂಡನ ಜೊತೆ ಬಂದಿದ್ದಳು. ಎಂಬತ್ತನಾಲ್ಕು ವರ್ಷದ ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ಕಾಲಮೇಲೆ ಶಾಲು ಹೊದ್ದು ಕೂತಿದ್ದರು. ಸುಮನಾ ಮಂಡಕ್ಕಿ ಕಲಸಿದ ಬೇಸಿನ್ ತಂದು ನಡುವೆ ಇಟ್ಟಳು. ನೌಕೆ ಇಳಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಟೀವಿಯಲ್ಲಿ ಒಬ್ಬ ವಿಜ್ಞಾನಿ ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ತೋರಿಸುತ್ತ ಹೇಳುತ್ತಿದ್ದರು: ಸ್ಪುಟ್ನಿಕ್, ಲೈಕಾ, ಗಗಾರಿನ್. ಆಮೇಲೆ, "ಚಂದ್ರನ ಮೇಲೆ ಮೊದಲ ಬಾರಿ ಮೃದುವಾಗಿ ಇಳಿದದ್ದು ಸೋವಿಯತ್ ಒಕ್ಕೂಟದ ಲೂನಾ ಒಂಬತ್ತು, 1966ರ ಫೆಬ್ರವರಿಯಲ್ಲಿ."

ಮೃತ್ಯುಂಜಯ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಕೈ ತಡೆದ. ಅಪ್ಪನ ಕಡೆ ನೋಡಿ ನಕ್ಕ.

"ಅಪ್ಪಾಜಿ, ಇವಳು ಹೇಳಿದ್ದೇ ಸರಿ ಅಂತಾಯ್ತಲ್ಲ."

ಮೇಷ್ಟ್ರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ನಂಗೆ ಅವತ್ತೇ ಗೊತ್ತಿತ್ತು ಕಣೋ" ಎಂದರು. "ಆದ್ರೆ ಅವಳನ್ನ ಗೆಲ್ಲಿಸಿದ್ರೆ ನಿನಗೆ ಹೆಂಡ್ತಿ ಸಿಕ್ತಿದ್ಲಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಭವ್ಯಳ ಗಂಡನಂತೂ ಮಂಡಕ್ಕಿ ನೆತ್ತಿಗೇರಿ ಕೆಮ್ಮಿದ. ಸ್ವಲ್ಪ ಹೊತ್ತಿಗೆ ನೌಕೆ ಇಳಿಯಿತು. ಬೀದಿಯಲ್ಲಿ ಪಟಾಕಿ ಹೊಡೆದರು. ಮೃತ್ಯುಂಜಯ ಪೇಡಾದ ಡಬ್ಬಿ ತೆಗೆದು ಹೆಂಡತಿಗೇ ಮೊದಲು ಕೊಟ್ಟ. ಸುಮನಾ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಕಟ್ಟೆಯ ಮೇಲಿಟ್ಟು, ಕೊಳಾಯಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮರುದಿನ ಬೆಳಿಗ್ಗೆ ರಾಗಿ ಅಂಬಲಿಯ ಲೋಟ ಕೊಡಲು ಮಾವನ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತಳು.

"ಮಾವ, ನಿನ್ನೆ ಹೇಳಿದ್ದು ತಮಾಷೆಗೋ, ನಿಜಕ್ಕೋ?"

"ಯಾವುದಮ್ಮ?"

"ಅವತ್ತೇ ಗೊತ್ತಿತ್ತು ಅಂದಿದ್ದು."

ಮೇಷ್ಟ್ರು ಅಂಬಲಿ ಒಂದು ಗುಟುಕು ಕುಡಿದರು. ಮುಚ್ಚಿಡುವ ವಯಸ್ಸು ದಾಟಿತ್ತೋ, ಮುಚ್ಚಿಡುವಂಥದ್ದು ಅಂತಲೇ ಅನ್ನಿಸಲಿಲ್ಲವೋ, ನೆಟ್ಟಗೆ ಹೇಳಿದರು. "ಅವತ್ತು ಸ್ಟೇಜ್ ಮೇಲೆ ಗೊತ್ತಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡ್ದೆ. ನೀನ್ ಹೇಳಿದ ತಾರೀಖು ಸಮೇತ ಇತ್ತು. ಮಾರನೇ ದಿನ ಕಡೂರಿಗೆ ಹೋದೆ, ಕಾರ್ಯದರ್ಶಿಗೆ ಹೇಳೋಣ ಅಂತ. ಅವನು ಕಾಫಿ ತರಿಸ್ದ. ಬರೋ ವರ್ಷ ನಮ್ಮಲ್ಲೇ ಹೆಡ್‌ಮಾಸ್ಟರ್ ಆಗಿ ಬಂದ್ಬಿಡಿ ಮೇಷ್ಟ್ರೇ ಅಂದ. ಆ ಮಾತಾದ್ಮೇಲೆ ಅವನ ಮಗನ ವಿಷಯ ಹೆಂಗೆ ಎತ್ತಲಿ? ಕಾಫಿ ಕುಡಿದು ವಾಪಸ್ ಬಂದೆ."

"ನಾನು ಹಾಳೆ ತಂದು ತೋರಿಸಿದಾಗ?"

"ಆಗ ನೀನು ಮನೆಗೆ ಬಂದಾಗಿತ್ತಲ್ಲ. ಹೇಳಿ ಏನ್ ಪ್ರಯೋಜನ?" ಲೋಟವನ್ನು ಕೆಳಗಿಟ್ಟು ಮೀಸೆ ಒರೆಸಿಕೊಂಡರು. "ಮನಸ್ಸಿಗೆ ಚುಚ್ತಾ ಇತ್ತು ಕಣಮ್ಮ. ಸುಳ್ಳು ಹೇಳಲ್ಲ. ಅದಕ್ಕೇ ಹುಡುಕ್ಕೊಂಡು ಬಂದು ನಿನ್ನ ನಮ್ಮನೆಗೆ ತಂದ್ಕೊಂಡೆ. ನಿನಗೇನ್ ಕಮ್ಮಿ ಮಾಡಿದೀವಿ ಹೇಳು."

ಸುಮನಾ ಅವರು ಕೆಳಗಿಟ್ಟ ಲೋಟ ಎತ್ತಿಕೊಂಡಳು. ಎದೆಗಾರಿಕೆ ಇರುವ ಹುಡುಗಿ ಬೇಕು ಎಂದು ಕೇಳಿ ತಂದಿದ್ದಾರೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಈಗ ನೋಡಿದರೆ ದನ ಬಿಟ್ಟು ಪರರ ಹೊಲ ತುಳಿಸಿದವನು ದಂಡ ತೆತ್ತ ಹಾಗೆ ಮಗನನ್ನು ಕೊಟ್ಟಿದ್ದರು. ಆ ಮಗನಿಗೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ. ಸೀಟು ಹೋದದ್ದಕ್ಕಿಂತ, ಸೈನ್ಸ್ ಹೋದದ್ದಕ್ಕಿಂತ ಅವಳನ್ನು ಸುಟ್ಟದ್ದು ಇನ್ನೊಂದು: ತಾನೇ ತನ್ನನ್ನು ನಂಬದೆ ಹೋದ ಆ ವರ್ಷಗಳು, ಮಗಳ ಪುಸ್ತಕದಲ್ಲಿ ತಾನೇ ಬರೆಸಿದ ತಪ್ಪು ಉತ್ತರ.

"ಒಂದು ಕೇಳ್ತೀನಿ ಮಾವ" ಎಂದಳು ಕಡೆಗೆ. "ಟೀಚರ್ಸ್ ಡೇ ದಿನ ನಿಮಗೆ ಸನ್ಮಾನ ಇದೆಯಲ್ಲ. ಅಲ್ಲಿ ಇದನ್ನ ಹೇಳಿ. ತಪ್ಪಾಗಿತ್ತು ಅಂತ ಒಂದೇ ಮಾತು. ಕಡೂರಿನಿಂದಲೂ ಜನ ಬರ್ತಾರೆ."

"ಅದಕ್ಕೇನಂತೆ, ಹೇಳ್ತೀನಿ" ಎಂದರು ಮೇಷ್ಟ್ರು. ಹಾಲು ಬೇಕು, ಸಕ್ಕರೆ ಬೇಡ ಎನ್ನುವಷ್ಟು ಸಲೀಸಾಗಿ.

ಆ ಹನ್ನೆರಡು ದಿನ ಅವಳು ನೆಲದ ಮೇಲಿರಲಿಲ್ಲ. ಸೆಪ್ಟೆಂಬರ್ ಐದರಂದು ಮದುವೆಗೆ ಉಡುವ ಹಾಗೆ ಹಸಿರು ರೇಷ್ಮೆ ಸೀರೆ ಉಟ್ಟು ಶಾಲೆಯ ಹಾಲ್‌ನಲ್ಲಿ ಎರಡನೇ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಮೃತ್ಯುಂಜಯ. ಮೇಷ್ಟ್ರಿಗೆ ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಕ್ ಮುಂದೆ ಹಿಡಿದರು. ಧ್ವನಿ ಇನ್ನೂ ಕಂಚಿನದೇ.

"ಒಂದು ವಿಷಯ ಇವತ್ತು ಒಪ್ಕೋಬೇಕು" ಎಂದು ಶುರು ಮಾಡಿದರು. ಸುಮನಾಳ ಬೆರಳುಗಳು ಸೆರಗಿನ ಅಂಚನ್ನು ಹಿಡಿದವು. "ನಲವತ್ತು ವರ್ಷದ ಕೆಳಗೆ ಕಡೂರಿನಲ್ಲಿ ಒಂದು ಹುಡುಗಿ ಸರಿ ಉತ್ತರ ಹೇಳಿದ್ಲು. ನಾನು ತಪ್ಪು ಅಂದೆ. ಯಾಕಂದೆ? ಗೆದ್ದಿದ್ರೆ ಅವಳು ವಿಜ್ಞಾನಿ ಆಗಿ ಎಲ್ಲೋ ಹೋಗ್ಬಿಡ್ತಿದ್ಲು. ನಮ್ಮನೇಲಿ ಇಂಥ ಅಡುಗೆ ಯಾರ್ರೀ ಮಾಡ್ತಿದ್ರು? ದೇವರು ನನ್ನ ಬಾಯಲ್ಲಿ ತಪ್ಪು ಹೇಳಿಸಿ ನನಗೆ ಸೊಸೆ ಕೊಟ್ಟ. ಅಗೋ, ಅಲ್ಲೇ ಕೂತಿದಾಳೆ ನೋಡಿ. ಲೂನಾ ಸುಮನಾ."

ಚಪ್ಪಾಳೆ ನಿಲ್ಲುವಂತೆಯೇ ಇರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿ ಕೈಮುಗಿದರು. ಒಬ್ಬರು ಮೊಬೈಲ್‌ನಲ್ಲಿ ಫೋಟೋ ತೆಗೆದರು. ಮೃತ್ಯುಂಜಯ ಹೆಮ್ಮೆಯಿಂದ ಅವಳ ಭುಜ ತಟ್ಟಿ, "ಏಳೇ, ಒಂದ್ಸಲ ಎದ್ದು ನಮಸ್ಕಾರ ಮಾಡು" ಎಂದ. ಎಲ್ಲರ ಕಣ್ಣು ಅವಳ ಮೇಲಿತ್ತು. ಅವಳು ಎದ್ದಳು. ನಮಸ್ಕಾರ ಮಾಡಿದಳು. ಕೂತಳು.

ಅವತ್ತಿನಿಂದ ಸುಮನಾ ಮಾವನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಮುನಿಸಿನ ಮುಖವಿಲ್ಲ. ಹೊತ್ತಿಗೆ ಅಂಬಲಿ, ಹೊತ್ತಿಗೆ ಮಾತ್ರೆ, ಸ್ನಾನಕ್ಕೆ ಬಿಸಿನೀರು, ಹಾಸಿಗೆಗೆ ಒಗೆದ ಮೇಲುಹಾಸು. ಮಾತು ಮಾತ್ರ ಇಲ್ಲ. ಮೊದಲೊಂದು ವಾರ ಮೇಷ್ಟ್ರಿಗೆ ಗೊತ್ತೇ ಆಗಲಿಲ್ಲ. ಆಮೇಲೆ, "ಸುಮನಾ, ಇವತ್ತೇನು ವಾರ?" "ಸುಮನಾ, ಮಳೆ ಬಂತಾ?" ಎಂದು ಸುಮ್ಮಸುಮ್ಮನೆ ಕೇಳತೊಡಗಿದರು. ಅವಳು ಲೋಟ ಇಟ್ಟು ಹೊರಗೆ ಬರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಬೇಡುವ ದನಿ ಬಂದಿತ್ತು. "ಏನಾದ್ರೂ ಅನ್ನಮ್ಮ. ಬೈಯಾದ್ರೂ ಬೈ." ಬೈಯುವುದಕ್ಕೆ ಅವಳಲ್ಲಿ ಬೇಕಾದಷ್ಟಿತ್ತು. ಆದರೆ ಬೈದರೆ ಅದನ್ನೂ ಇನ್ನೊಂದು ಕಥೆ ಮಾಡಿ ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಹದಿನೈದು ತಿಂಗಳು ಹಾಗೇ ನಡೆಯಿತು. ಅದರಿಂದ ಅವಳಿಗೆ ಸುಖವೇನೂ ಸಿಗಲಿಲ್ಲ. ಮುದುಕ ದಿನೇದಿನೇ ಕುಗ್ಗುವುದನ್ನು ನೋಡಿ ಒಳಗೇ ಸಂಕಟವಾಗುತ್ತಿತ್ತು. ಸಂಕಟವಾಯಿತಲ್ಲ ಎಂದು ಮತ್ತೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಕಳೆದ ಡಿಸೆಂಬರಿನಲ್ಲಿ, ಅವಳು ಬಾಯಿಗೆ ಗಂಜಿ ಹಾಕುತ್ತಿರುವಾಗಲೇ, ಮೇಷ್ಟ್ರು ತೀರಿಕೊಂಡರು.

ಮಣ್ಣು ಮಾಡಿ ಬಂದ ದಿನ ಮೃತ್ಯುಂಜಯ ಗೋಡೆಗೊರಗಿ ಕೂತವನು ಕೇಳಿದ. "ಒಂದು ಮಾತಾಡಿದ್ರೆ ನಿನ್ನ ಗಂಟೇನ್ ಹೋಗ್ತಿತ್ತೇ?"

"ಅವರು ಒಂದು ಮಾತು ಹೇಳಿದ್ರೆ ಅವರ ಗಂಟೇನ್ ಹೋಗ್ತಿತ್ತು ಅಂತ ಯಾರಾದ್ರೂ ಕೇಳಿದ್ರಾ?" ಎಂದಳು ಸುಮನಾ. ಅವನು ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ. ಅಷ್ಟು ದಿನ ಅವನಿಗೆ ಅದೆಲ್ಲ ನಗುವ ಸಂಗತಿಯೇ ಆಗಿತ್ತು. ಅವತ್ತೂ ಅರ್ಥವಾದಂತೆ ಕಾಣಲಿಲ್ಲ.

ಶಿವಗಣಾರಾಧನೆಗೆ ಬಂದವರಿಗೆ ಹಂಚಲು ಮೇಷ್ಟ್ರ ಬಗ್ಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಹೇಳಿದರು. ಬರೆಯುವ ಕೆಲಸ ಭವ್ಯಳ ಪಾಲಿಗೆ ಬಂತು. ಅವಳು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದಳು. ಅದರಲ್ಲಿ ಆ ಕಥೆಯೂ ಇತ್ತು, ಸನ್ಮಾನದ ದಿನ ಹೇಳಿದ ರೀತಿಯಲ್ಲೇ. ಸುಮನಾ ಮಗಳನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು: ಚೀಟಿ, ಹಾಳೆ, ಕಾರ್ಯದರ್ಶಿಯ ಕಾಫಿ, ಹೆಡ್‌ಮಾಸ್ಟರ್ ಕೆಲಸ. ಜೀವಮಾನದಲ್ಲಿ ಯಾರಿಗೂ ಅಷ್ಟು ಹೊತ್ತು ಮಾತಾಡಿದವಳಲ್ಲ. ಭವ್ಯ ಕೇಳಿಸಿಕೊಂಡಳು. ಕಣ್ಣೊರೆಸಿಕೊಂಡಳು ಕೂಡ.

"ಆದ್ರೆ ಸತ್ತೋರ ಬಗ್ಗೆ ಇದನ್ನ ಹೆಂಗಮ್ಮ ಬರೆಯೋದು? ಕಡೂರಿನ ಆ ಕಾಲೇಜಿನವರೂ ಬರ್ತಾರೆ ಅವತ್ತು" ಎಂದಳು. ಆಮೇಲೆ ಅಮ್ಮನ ಕೈ ಹಿಡಿದು ಮೆಲ್ಲಗೆ ಕೇಳಿದಳು. "ಅವತ್ತು ನೀನು ಗೆದ್ದಿದ್ರೆ ನಾನು ಹುಟ್ತಿದ್ನಾ ಹೇಳು?"

ಸುಮನಾ ಮಗಳ ಮುಖವನ್ನೇ ನೋಡಿದಳು. ಪ್ರೀತಿಯಿಂದಲೇ ಕೇಳಿದ್ದಳು ಹುಡುಗಿ. ಇಂಥ ಪ್ರಶ್ನೆಗೆ ತಾಯಿಯಾದವಳು ಏನು ಉತ್ತರ ಕೊಡಬೇಕು? ಹೆತ್ತ ಮಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಏನಿಟ್ಟರೂ ಅದು ಮೇಲಕ್ಕೇ ಹೋಗುತ್ತದೆ. ಹಾಗೆಂದು ಅದು ಇರಲೇ ಇಲ್ಲ ಎನ್ನಲಾಗುತ್ತದೆಯೇ?

"ಹಂಗಾದ್ರೆ ನನ್ನ ಹೆಸರು ತೆಗಿ" ಎಂದಳು. "ಕಥೆ ಬೇಕಾದ್ರೆ ಇರಲಿ."

ಭವ್ಯ ಹೆಸರು ತೆಗೆದಳು. ಪುಸ್ತಕದಲ್ಲಿ ಬರೀ "ಸೊಸೆ" ಎಂದು ಅಚ್ಚಾಯಿತು.

ಶಿವಗಣಾರಾಧನೆಯ ದಿನ ಸುಮನಾ ಬಾಗಿಲ ಹತ್ತಿರ ನಿಂತು ಬಂದವರಿಗೆ ವಿಭೂತಿಯ ತಟ್ಟೆ ಹಿಡಿದು, ಒಂದೊಂದು ಪುಸ್ತಕ ಕೊಟ್ಟಳು. ಕಡೂರಿನಿಂದ ಬಂದಿದ್ದ ಒಬ್ಬ ನಿವೃತ್ತ ಟೀಚರಮ್ಮ ಪುಸ್ತಕವನ್ನು ಅಲ್ಲೇ ತೆರೆದು ನಿಂತುಕೊಂಡೇ ಓದಿದರು. ಓದಿ ಅವರ ಕಣ್ಣು ತುಂಬಿತು.

"ಎಂಥ ದೊಡ್ಡ ಮನಸ್ಸು ಕಣ್ರೀ ಮೇಷ್ಟ್ರದ್ದು. ಆ ಸೊಸೆ ಪುಣ್ಯವಂತೆ. ನೀವೇ ಏನ್ರೀ ಅವರು?"

"ಅಲ್ಲ" ಎಂದಳು ಸುಮನಾ. "ಅವರು ಬೇರೆ. ಊಟಕ್ಕೆ ಕೂತ್ಕೊಳಿ, ಎರಡನೇ ಪಂಕ್ತಿ ಹಾಕ್ತಿದಾರೆ."

ಹಿಂದೆ ಇನ್ನೂ ಹತ್ತಾರು ಜನ ಸಾಲಿನಲ್ಲಿದ್ದರು. ಅವಳು ಮುಂದಿನ ಪುಸ್ತಕ ಕೈಗೆತ್ತಿಕೊಂಡಳು.